ಛೆಟ್ರಿ ಆದ ಮೇಲೆ ಯಾರು? ಬಿಎಫ್‌ಸಿ ತಂಡ ಕಟ್ಟೋ ಲೆಕ್ಕ ಎಲ್ಲಿ ತಪ್ತಾ ಐತೆ

ಕೌಲ್‌ಬಜಾರ್_11 (ಬಳ್ಳಾರಿ)

ಬೆಂಗಳೂರು ಎಫ್‌ಸಿ (ಬಿಎಫ್‌ಸಿ) 2024–25ರ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್‌ನ ಕೋಲ್ಕತ್ತಾದ ಸಾಲ್ಟ್ ಲೇಕ್‌ನಲ್ಲಿ ಮೋಹನ್ ಬಗಾನ್‌ಗೆ ಸೋತಿದ್ದು ಗೊತ್ತೇ ಐತೆ. ಅದರ ರೆಫರಿ, ಪೆನಾಲ್ಟಿ, ಹಣೆಬರಹ ಎಲ್ಲಾ ಬೇರೆ ಕಡೆ ಮಾತಾಡಿ ಆಗೈತೆ. ಇಲ್ಲಿ ತಂಡ ಕಟ್ಟೋ ಲೆಕ್ಕ ಮಾತ್ರ ಇಡೋಣ.

2024–25ರ ಲೀಗ್‌ನಲ್ಲಿ ಬೆಂಗಳೂರು ಎಫ್‌ಸಿಗೆ 24 ಪಂದ್ಯದಿಂದ 38 ಪಾಯಿಂಟ್. 11 ಗೆಲುವು, 5 ಡ್ರಾ, 8 ಸೋಲು, ಮೂರನೇ ಸ್ಥಾನ. ಶೀಲ್ಡ್ (ಲೀಗ್ ಹಂತದ ಮೊದಲ ಸ್ಥಾನದ ಪ್ರಶಸ್ತಿ) ಗೆದ್ದ ಮೋಹನ್ ಬಗಾನ್‌ಗೆ 56. ಈ 18 ಪಾಯಿಂಟ್ ಅಂದ್ರೆ ಆರು ಗೆಲುವು. ಅದೃಷ್ಟದಿಂದ ಇಷ್ಟು ಅಂತರ ಬರಲ್ಲ.

ವಿದೇಶಿ ಕೋಟಾ ನೋಡಿ. ಆ ಋತುವಿನಲ್ಲಿ ನೋಂದಣಿಗೆ ಆರು ವಿದೇಶಿಯರು, ಮೈದಾನದಲ್ಲಿ ಒಂದು ಸಲಕ್ಕೆ ನಾಲ್ಕು. ಆಗಿನ ನಮ್ಮ ಆರು ಜನ ಯಾರು? ಸೆಂಟರ್ ಬ್ಯಾಕ್ ಯೊವಾನೊವಿಚ್, ಅವನ ಮುಂದೆ ಡಿಫೆನ್ಸಿವ್ ಮಿಡ್‌ಫೀಲ್ಡರ್ ಪೆಡ್ರೊ ಕಾಪೊ, ಆಮೇಲೆ ನೊಗೆರಾ, ಎಡ್ಗರ್ ಮೆಂಡೆಸ್, ಪೆರೇರಾ ಡಿಯಾಸ್, ರಯಾನ್ ವಿಲಿಯಮ್ಸ್. ಕೊನೇ ನಾಲ್ಕೂ ಮುಂದಕ್ಕೆ ಆಡೋರು. ಯೊವಾನೊವಿಚ್, ಕಾಪೊ ಇಬ್ಬರೂ ಇಳಿದ್ರೆ ಮುಂದೆ ಉಳಿಯೋದು ಎರಡೇ ಸೀಟು, ಕಾಯೋರು ನಾಲ್ಕು ಜನ. ಅತ್ತ ಕಾಪೊಗೆ ನಾಲ್ಕು ಹಳದಿ ಕಾರ್ಡ್ ಆಗಿ ಒಂದು ಪಂದ್ಯ ತಪ್ಪಿತು ಅಂದ್ಕೊಳ್ಳಿ, ಆ ಜಾಗಕ್ಕೆ ಅದೇ ತೂಕದ ಇನ್ನೊಬ್ಬ ಇಲ್ಲ. ಮಿಡ್‌ಫೀಲ್ಡರ್ ಸುರೇಶ್ ವಾಂಗ್ಜಮ್ ಕೆಳಗಿಳೀಬೇಕು. ಸುರೇಶ್ ಕೆಳಗಿಳಿದ್ರೆ ಮೇಲೆ ಓಡಿ ಚೆಂಡು ಕಿತ್ತುಕೊಳ್ಳೋನಿಲ್ಲ. ಒಬ್ಬನ ಗೈರುಹಾಜರಿಗೆ ಎರಡು ಜಾಗ ಕೆಡ್ತು.

ಇನ್ನು ಮುಂದಿನ ಸಾಲು. ನಾಲ್ಕು ವಿದೇಶಿಯರ ಮೇಲೆ ಸುನಿಲ್ ಛೆಟ್ರಿ. 40ನೇ ವಯಸ್ಸಲ್ಲಿ ಋತು ಪೂರ್ತಿ 14 ಗೋಲು ಹೊಡೆದೋರನ್ನ ಯಾರು ಕೂರಿಸ್ತಾರೆ? ಕೂರಿಸೋಕೆ ಆಗಲ್ಲ, ಕೂರಿಸಲೂಬಾರದು. ಆದ್ರೆ ನಮ್ಮ ಯುವ ಮುಂದಾಟಗಾರ ಶಿವಶಕ್ತಿ ಕಥೆ ಏನಾಯ್ತು? 2022–23ರಲ್ಲಿ ರಾಯ್ ಕೃಷ್ಣ ಜತೆ ಆಡಿ 6 ಗೋಲು ಹೊಡೆದ, ಲೀಗ್‌ನ ಉದಯೋನ್ಮುಖ ಆಟಗಾರ ಪ್ರಶಸ್ತಿ ತಗೊಂಡ. ಎರಡು ಋತು ಕಳೆದ್ರೂ ಮೊದಲ ಹನ್ನೊಂದರ ಖಾಯಂ ಹೆಸರಾಗಲಿಲ್ಲ. ಹುಡುಗನ ತಪ್ಪಾ, ತಂಡ ಕಟ್ಟಿದೋರ ತಪ್ಪಾ? ನಂದು ಎರಡನೇದಕ್ಕೆ ಓಟು.

ಎಡೆದೊರೆ_ಲೆಕ್ಕಿಗ (ರಾಯಚೂರು)

ಅಣ್ಣಾ, ಮಿನಿಟಿನ ಲೆಕ್ಕ ನಾ ಕೊಡ್ತೀನಿ ತಗೋರಿ. ಅದು ಮುಂದಿಟ್ಕೊಂಡ್ರ ವಾದ ಸಸೂತ್ರ ಆಗ್ತದ.

24 ಪಂದ್ಯ, ಒಂದೊಂದಕ್ಕ 90 ಮಿನಿಟು, ಅಂದ್ರ ಒಂದು ಜಾಗಕ್ಕ 2,160. ಹನ್ನೊಂದು ಜಾಗಕ್ಕ 23,760. ವಿದೇಶಿಯರು ನಾಲ್ಕೂ ಜಾಗ ಪೂರ್ತಿ ಆಡಿದ್ರ 8,640 ಹೋತು. ಗೋಲ್‌ಕೀಪರ್ ಗುರ್‌ಪ್ರೀತ್ ಕಡೆ 2,160. ಉಳದಿದ್ದು 12,960, ಅದನ್ನ ಬಾಕಿ ಭಾರತೀಯರೆಲ್ಲಾ ಹಂಚ್ಕೋಬೇಕು. ಛೆಟ್ರಿ, ಭೆಕೆ, ಸುರೇಶ್, ರೋಷನ್, ನಿಖಿಲ್ ಪೂಜಾರಿ, ಚಿಂಗ್ಲೆನ್ಸನಾ ಇವರ ಪಾಲು ತೆಗದ್ರ ಹುಡುಗರಿಗೆ ಎಷ್ಟು ಉಳೀತದ ನೀವೇ ನೋಡ್ರಿ.

ಈಗ 23ರ ಒಳಗಿನವರಿಗೆ 15% ಕೊಡಬೇಕು ಅಂತ ಕ್ಲಬ್ಬು ಠರಾವು ಮಾಡ್ತು ಅನ್ನೋಣು. 3,564 ಮಿನಿಟು. ನಾಲ್ಕು ಹುಡುಗರಿಗೆ ಹಂಚಿದ್ರ ತಲಾ 891, ಹತ್ತು ಪೂರ್ತಿ ಪಂದ್ಯಕ್ಕ ಸ್ವಲ್ಪ ಕಮ್ಮಿ. ಇದನ್ನ 70ನೇ ಮಿನಿಟಿಗೆ ಇಳಿಸಿ ತುಂಬಿಸ್ತೀನಿ ಅಂದ್ರ ಆಗೂದಿಲ್ಲ. 20 ಮಿನಿಟಿನಂಗ 24 ಪಂದ್ಯ ಬಿಡದಂಗ ಇಳಿಸಿದ್ರೂ 480ಕ್ಕ ನಿಲ್ತದ, ಬೇಕಾದದ್ರ ಅರ್ಧಕ್ಕಿಂತ ಒಂಚೂರು ಮ್ಯಾಲ. ಅದಕ್ಕ ‘ಹುಡುಗರನ್ನ ಬೆಂಚ್‌ನಿಂದ ಬೆಳಸ್ತೀವಿ’ ಅನ್ನೂ ಮಾತಿಗೆ ಗಣಿತದಾಗ ಜಾಗ ಇಲ್ಲ. ಶುರುವಿನಿಂದ ಆಡಿಸಬೇಕು. ಯಾವ ಯಾವ ಪಂದ್ಯಕ್ಕ ಯಾರ ಬದಲಿ ಅಂತ ಜುಲೈದಾಗೇ ಬರದು ಇಟ್ಟಿರಬೇಕು.

ವಿನಿತ್ ವೆಂಕಟೇಶ್‌ನ ನೋಡ್ರಿ. 2024ರ ಸೆಪ್ಟೆಂಬರ್ 14, ಈಸ್ಟ್ ಬೆಂಗಾಲ್ ವಿರುದ್ಧ ಶುರುವಿನಿಂದ ಇಳಿಸಿದ್ರು, 25ನೇ ಮಿನಿಟಿಗೆ ಗೋಲು, 1–0 ಗೆಲುವು. ವಯಸ್ಸು 19. ಶುರುವಿನಿಂದ ಆಡಿಸಿದ್ದಕ್ಕ ಆದ ಕೆಲಸ ಅದು.

ಹೈದ್ರಾಬಾದ್_ರಸ್ತೆ (ರಾಯಚೂರು)

ಎಲ್ಲಾ ಸರಿ, ಆದ್ರ ಆ ಋತುವಿನ ಕೋಚ್ ಝರಗೋಝಾಗ ಅನ್ಯಾಯ ಮಾಡಬ್ಯಾಡ್ರಿ. 2023ರ ಡಿಸೆಂಬರ್‌ದಾಗ ಕಂಠೀರವದಾಗೇ ಮುಂಬೈ ಸಿಟಿ 4–0 ಬಾರಿಸಿದ ಮ್ಯಾಲ ಆಗಿನ ಕೋಚ್ ಗ್ರೇಸನ್ ಹೋದ್ರು. ಆ ಋತು ಮುಗದಾಗ 22 ಪಂದ್ಯಕ್ಕ 22 ಪಾಯಿಂಟ್, ಹತ್ತನೇ ಸ್ಥಾನ. ಅಲ್ಲಿಂದ ಒಂದೇ ವರ್ಷದಾಗ ಮೂರನೇ ಸ್ಥಾನ, ಫೈನಲ್. ಮೊದಲ ಐದು ಪಂದ್ಯದಾಗ ಒಂದೂ ಗೋಲು ಬಿಟ್ಟುಕೊಡಲಿಲ್ಲ. ನಾಕೌಟ್‌ನಾಗ ಅದೇ ಮುಂಬೈಗೆ 5–0. ಇದು ಕೋಚಿಂಗ್ ಅಲ್ದ ಮತ್ತೇನ್ರಿ?

ಕೌಲ್‌ಬಜಾರ್_11 (ಬಳ್ಳಾರಿ)

ಒಪ್ತೀನಿ ಸರ್. ಹತ್ತರಿಂದ ಮೂರಕ್ಕೆ ತಂದಿದ್ದು ದೊಡ್ಡ ಕೆಲಸ. ಆದ್ರೆ ಆ ಐದು ಪಂದ್ಯದಲ್ಲಿ ಕಂಡ ಪ್ರೆಸ್ಸಿಂಗ್ (ಎದುರಾಳಿ ಅರ್ಧದಲ್ಲೇ ಮೇಲೆ ಬಿದ್ದು ಚೆಂಡು ಕಿತ್ತುಕೊಳ್ಳೋದು) ಫೆಬ್ರವರಿ ಹೊತ್ತಿಗೆ ಯಾಕೆ ಸಡಿಲ ಆಯ್ತು ಅಂತ ಕೇಳ್ಬೇಕಲ್ಲ. ತೋರಣಗಲ್ಲು ಸರ್ ಬಂದ್ರೆ ಚೆನ್ನಾಗಿ ಬಿಡಿಸಿ ಹೇಳ್ತಾರೆ.

ತೋರಣಗಲ್ಲು_ಟರ್ಫ್ (ಸಂಡೂರು ತಾಲ್ಲೂಕು)

ಬಂದೆ. ಪ್ರೆಸ್ಸಿಂಗ್ ವಿಷಯ ಮೊದಲು.

ಎದುರಾಳಿಯ ಸೆಂಟರ್ ಬ್ಯಾಕ್ ತನ್ನ ಗೋಲ್‌ಕೀಪರ್‌ಗೆ ಹಿಂದಕ್ಕೆ ಪಾಸ್ ಕೊಟ್ಟ ಕ್ಷಣವೇ ನಮಗೆ ಸೂಚನೆ. ನಮ್ಮ 9 (ಎಲ್ಲರಿಗಿಂತ ಮುಂದೆ ನಡುವೆ ಆಡುವ ಸ್ಟ್ರೈಕರ್) ನೇರವಾಗಿ ಓಡಬಾರದು, ಬಿಲ್ಲಿನ ಹಾಗೆ ಬಾಗಿ ಓಡಬೇಕು. ಆಗ ಅವನ ಬೆನ್ನ ಹಿಂದಿರುವ ಸೆಂಟರ್ ಬ್ಯಾಕ್‌ಗೆ ಚೆಂಡು ಮರಳಿ ಹೋಗುವ ದಾರಿ ಮುಚ್ಚುತ್ತದೆ. ಗೋಲ್‌ಕೀಪರ್‌ಗೆ ಉಳಿಯುವುದು ಒಂದೇ ಕಡೆ. ಆ ಕಡೆಯ ನಮ್ಮ ವಿಂಗರ್ ಅವರ ಫುಲ್‌ಬ್ಯಾಕ್ ಮೇಲೆ, 8ನೇ ನಂಬರಿನ ಮಿಡ್‌ಫೀಲ್ಡರ್ ಅವರ ಪಿವೊಟ್ (ಡಿಫೆನ್ಸ್ ಮುಂದೆ ನಿಂತು ಚೆಂಡು ಹಂಚುವವನು) ಮೇಲೆ, ಹಿಂದಿನ ಸಾಲು ಮಧ್ಯರೇಖೆಯ ಹತ್ತಿರ. ಎಲ್ಲರೂ ಎರಡು ಸೆಕೆಂಡಿನೊಳಗೆ ಹೊರಡಬೇಕು. ಒಬ್ಬ ತಡವಾದರೂ ಉಳಿದ ಮೂವರ ಓಟ ದಂಡ.

ಕೆಡುವುದು ಹೇಗೆ ನೋಡಿ. 9 ದಣಿದಾಗ ನೇರವಾಗಿ ಓಡುತ್ತಾನೆ, ಇಲ್ಲವೇ ಓಡುವುದೇ ಇಲ್ಲ. ಎದುರಾಳಿ ಸೆಂಟರ್ ಬ್ಯಾಕ್‌ಗೆ ತಲೆ ಎತ್ತಿ ನೋಡಲು ಸಮಯ ಸಿಗುತ್ತದೆ. ಉದ್ದನೆಯ ಚೆಂಡು ಬರಬಹುದು ಎಂದು ನಮ್ಮ ಹಿಂದಿನ ಸಾಲು ಹತ್ತು ಮೀಟರ್ ಹಿಂದೆ ಸರಿಯುತ್ತದೆ. ಆದರೆ ನಡುವಿನ ಸಾಲು ಇನ್ನೂ ಮೇಲೆಯೇ ಇರುತ್ತದೆ. ಎರಡು ಸಾಲುಗಳ ನಡುವೆ 10–12 ಮೀಟರ್ ಇರಬೇಕಾದದ್ದು 20 ದಾಟುತ್ತದೆ. ಆ ಬಯಲಿನಲ್ಲಿ ಕಾಪೊ ಒಬ್ಬನೇ. ಪುಟಿದು ಬಿದ್ದ ಎರಡನೇ ಚೆಂಡೆಲ್ಲ ಅವರ ಪಾಲು. ಟಿವಿಯಲ್ಲಿ ನಮಗೆ ಕಾಪೊ ತಪ್ಪು ಮಾಡಿದಂತೆ ಕಾಣುತ್ತದೆ. ತಪ್ಪು ಶುರುವಾದದ್ದು ನಲವತ್ತು ಮೀಟರ್ ಮುಂದೆ.

ಇದಕ್ಕೆ ಕೋಚ್ ಬಳಿ ಇರುವ ಔಷಧ ಐದು ಬದಲಿಗಳು, ಆಟದ ನಡುವೆ ಮೂರು ಅವಕಾಶದಲ್ಲಿ. ಜತೆಗೆ ವಿರಾಮದ ಹೊತ್ತು. ಹೀಗೆ ಪ್ರೆಸ್ ಮಾಡುವ ತಂಡ ಮೊದಲ ಎರಡು ಬದಲಿಗಳನ್ನು 55–60ರೊಳಗೆ ಮುಂದಿನ ಸಾಲಿಗೇ ಬಳಸಬೇಕು, ಗೋಲು ಬಿದ್ದ ಮೇಲೆ ಅಲ್ಲ. ಹಾಗೆ ಇಳಿಸಲು ಬೆಂಚ್‌ನಲ್ಲಿ ಓಡುವ 21 ವರ್ಷದವನು ಇರಬೇಕು, ಅವನಿಗೆ ಈ ಬಿಲ್ಲಿನ ಓಟ ರೂಢಿಯಾಗಿರಬೇಕು. ಡಿಯಾಸ್, ಎಡ್ಗರ್ ಪೆನಾಲ್ಟಿ ಪೆಟ್ಟಿಗೆಯೊಳಗೆ ದೊಡ್ಡ ಆಟಗಾರರು. ಮೂವತ್ತು ದಾಟಿದವರಿಂದ 30 ನಿಮಿಷ ಈ ಓಟ ಕೇಳುವುದು ಕಷ್ಟ. ಆಟಗಾರರನ್ನು ಆರಿಸಿದ ಕ್ರಮವೂ ಆಡಿಸಲು ಹೊರಟ ಆಟವೂ ಒಂದಕ್ಕೊಂದು ಹೊಂದಲಿಲ್ಲ. ನನ್ನ ದೂರು ಇಷ್ಟೇ, ಆದರೆ ದೊಡ್ಡದು.

ಲೆಫ್ಟ್‌ಬ್ಯಾಕ್_3 (ಕೊಪ್ಪಳ)

ಎಡಗಡೆ ಮಾತು ಯಾರೂ ಎತ್ತಲಿಲ್ಲ, ನಾ ಎತ್ತತೀನಿ.

ನಮ್ಮ ಎಡ ಫುಲ್‌ಬ್ಯಾಕ್ ರೋಷನ್ ಸಿಂಗ್ ಛಲೋ ಆಟಗಾರ, ಅದರಾಗ ಎರಡು ಮಾತಿಲ್ಲ. ಫ್ರೀಕಿಕ್, ಕಾರ್ನರ್ ಅವನ ಕಾಲಾಗ ಐತಿ. ಆದ್ರ ಅಂವ ಬಲಗಾಲಿನಾಂವ. ಎಡಗಡೆ ಲೈನ್ ಗುಂಟ ಚೆಂಡು ಬಂದಾಗ ಕಣ್ಣಿಟ್ಟು ನೋಡ್ರಿ. ಎಡಗಾಲಿನಾಂವ ಆದ್ರ ಓಡ್ಕೋತನ ಒಂದೇ ಹೊಡೆತಕ್ಕ ಒಳಗ ಹಾಕತಾನ. ಬಲಗಾಲಿನಾಂವ ನಿಲ್ಲಬೇಕು, ಚೆಂಡು ಒಳಗ ಎಳಕೋಬೇಕು, ಆಮ್ಯಾಲ ಹೊಡೀಬೇಕು. ಒಂದು ಟಚ್ ಜಾಸ್ತಿ. ಅಷ್ಟರಾಗ ಪೆಟ್ಟಿಗ್ಯಾಗ ಎದುರಾಳಿ ಡಿಫೆಂಡರ್ ಇಬ್ಬರೂ ಹೊಳ್ಳಿ ತಯಾರ ಆಗಿರ್ತಾರ. ಚೆಂಡು ಗೋಲಿನ ಕಡೆ ಬಾಗ್ಕೋತ ಬರತೈತಿ, ಛೆಟ್ರಿ ಅಂಥಾವರಿಗೆ ತಲಿ ಕೊಡಾಕ ಅದು ಅನುಕೂಲನ. ಆದ್ರ ಬೈಲೈನ್ (ಗೋಲಿನ ಪಕ್ಕದ ಕೊನೇ ಗೆರಿ) ತನಕ ಹೋಗಿ ಹಿಂದಕ್ಕ ಎಳದು ಕೊಡೂ ಪಾಸ್ ಎಡಗಡಿಂದ ಬರೂದ ಅಪರೂಪ.

ಇದಕ್ಕ ಪರಿಹಾರ ಐತಿ. ಎಡ ವಿಂಗಿಗೆ ಎಡಗಾಲಿನಾಂವನ್ನ ಇಟ್ಟು ಲೈನಿಗೆ ಅಂಟಿಸಿ ನಿಲ್ಲಿಸಬೇಕು, ರೋಷನ್ ಒಳಗ ಬರಬೇಕು. ಅಲ್ಲಿಗೆ ಮತ್ತ ಬಲಗಾಲಿನಾಂವನ್ನ ಹಾಕಿದ್ರ ಇಬ್ಬರೂ ಒಂದ ಜಾಗಕ್ಕ ಬಂದು ಗುದ್ದಾಡತಾರ, ಅಗಲ ಸಿಗೂದಿಲ್ಲ, ಎದುರಾಳಿ ಐದು ಮಂದಿ ನಡುವ ಗುಂಪುಗೂಡಿ ನಿಂತರ ಸಾಕು.

ನಮ್ಮಲ್ಲಿದ್ದ ಅಶಿಕ್ ಕುರುಣಿಯನ್ 2022ರಾಗ ಮೋಹನ್ ಬಗಾನ್‌ಗೆ ಹೋದ. ಉದಾಂತಾ, ಝಿಂಗನ್ ಇಬ್ಬರೂ 2023ರಾಗ ಗೋವಾಕ್ಕ. ಹೋಗೂದು ತಪ್ಪಲ್ರಿ, ಆಟಗಾರರು ಹೊಟ್ಟಿಪಾಡು ನೋಡ್ಕೋತಾರ. ಹೋಗೂದು ಮೊದಲ ಗೊತ್ತಿರತೈತಲ್ಲ, ಅದಕ್ಕ ತಯಾರಿ ಬೇಕು. ಒಪ್ಪಂದ ಮುಗಿಯೂ 6 ತಿಂಗಳು ಮೊದಲು ಆಟಗಾರ ಬ್ಯಾರೆ ಕ್ಲಬ್ಬಿಗೆ ಸಹಿ ಹಾಕಬಹುದು, ಫೀಫಾ ನಿಯಮ. ಮೇ 31ಕ್ಕ ಮುಗಿಯೂ ಕಾಗದ ಅಂದ್ರ ಡಿಸೆಂಬರ್ 1ರಿಂದ ಬಾಗಿಲು ತೆರದಂಗ. ಕ್ಲಬ್ಬು ಮಾರ್ಚ್‌ನ್ಯಾಗ ಮಾತುಕತಿಗೆ ಕೂತರ ಏನ್ ಬಂತು? ಪೂರ್ತಿ ಒಂದು ಋತು ಬಾಕಿ ಇದ್ದಾಗನ ಕೂಡಬೇಕು. ಒಪ್ಪಲಿಲ್ಲ ಅಂದ್ರ ಅದ ಬ್ಯಾಸಿಗ್ಯಾಗ ಮಾರಬೇಕು. ಬಂದ ರೊಕ್ಕದಾಗ ಇನ್ನೊಬ್ಬ ಬರತಾನ. ಕಾಗದ ಮುಗಿಸಿ ಪುಕ್ಕಟೆ ಬಿಟ್ರ ಎರಡೂ ಇಲ್ಲ.

ಎಡೆದೊರೆ_ಲೆಕ್ಕಿಗ (ರಾಯಚೂರು)

ಖರೆ ಮಾತು. ಇದಕ್ಕ ಇನ್ನೊಂದು ಸೇರಸ್ರಿ, ಕೋಚ್ ಬದಲಾದಂಗ ಆಕಾರ ಬದಲಾಗಿದ್ದು. 2019ರ ಐಎಸ್‌ಎಲ್ ಕಪ್ ಆದ ಮ್ಯಾಲ ಕೋಚ್ ಕ್ವಾದ್ರತ್ 2021ರ ಜನವರಿದಾಗ ಹೋದ್ರು, ಮೂಸಾ ಹಂಗಾಮಿ, ಪೆಝಾಯುವೊಲಿ, ಗ್ರೇಸನ್, ಆಮ್ಯಾಲ ಝರಗೋಝಾ. ಗ್ರೇಸನ್ ಹಿಂದ ಮೂರು ಮಂದಿ ಇಟ್ಟು ಎರಡೂ ಕಡೆ ವಿಂಗ್‌ಬ್ಯಾಕ್ (ಲೈನ್ ಗುಂಟ ಮ್ಯಾಲ ಕೆಳಗ ಓಡೂ ಆಟಗಾರ) ಓಡಸ್ತಿದ್ರು. 2022–23ರಾಗ ಮೊದಲ 12 ಪಂದ್ಯಕ್ಕ 10 ಪಾಯಿಂಟ್, ಕೊನೇ ಎಂಟೂ ಗೆದ್ದು 34, ಫೈನಲ್ ತನಕ ಹೋತು. ವಿಂಗ್‌ಬ್ಯಾಕ್ ಆಟಕ್ಕ ತಂದವರು ನಾಲ್ಕು ಡಿಫೆಂಡರ್ ಆಟದಾಗ ಅರ್ಧ ಮಂದಿ ಹೊಂದೂದಿಲ್ಲ. ಹಂಗಾಗಿ ಪ್ರತಿ ಕೋಚ್‌ಗೆ ಹೊಸಾ ಖರೀದಿ, ಹಳೇ ಒಪ್ಪಂದದ ಭಾರ. ಕ್ಲಬ್ಬಿಗೆ ತನ್ನದ ಒಂದು ಆಟ ಅಂತ ಇದ್ದು, ಅದಕ್ಕ ಹೊಂದೂ ಕೋಚ್‌ನ ಹುಡುಕಬೇಕು. ಉಲ್ಟಾ ನಡದದ.

ಹೈದ್ರಾಬಾದ್_ರಸ್ತೆ (ರಾಯಚೂರು)

ಝರಗೋಝಾ ಹಿಂದ ಇಲ್ಲೇ ಕ್ವಾದ್ರತ್‌ಗ ಸಹಾಯಕ ಆಗಿದ್ದವರು. ಹಂಗಾದ್ರ ಹಳೇ ಆಟಕ್ಕ ಮರಳೂ ಪ್ರಯತ್ನ ಅಂತ ತಿಳೀಬಹುದಲ್ಲ?

ತೋರಣಗಲ್ಲು_ಟರ್ಫ್ (ಸಂಡೂರು ತಾಲ್ಲೂಕು)

ಮನಸ್ಸು ಹಾಗೇ ಇರಬಹುದು, ಸರಕು ಬೇರೆ. 2018–19ರ ಬೆನ್ನೆಲುಬು ನೆನಪಿಸಿಕೊಳ್ಳಿ. ಹಿಂದೆ ಹುವಾನನ್, ಸೆರ್ರಾನ್. ನಡುವೆ ಡಿಮಾಸ್, ಪಾರ್ಟಾಲು. ಮುಂದೆ ಮಿಕು, ಸಿಸ್ಕೊ. ಎರಡು, ಎರಡು, ಎರಡು. ಫೈನಲ್‌ನ 117ನೇ ನಿಮಿಷದಲ್ಲಿ ಡಿಮಾಸ್ ಕಾರ್ನರ್‌ಗೆ ರಾಹುಲ್ ಭೆಕೆ ತಲೆ ಕೊಟ್ಟು ಗೋವಾ ವಿರುದ್ಧ 1–0. ಆಗ ಮೈದಾನಕ್ಕೆ ಐದು ವಿದೇಶಿಯರಿಗೆ ಅವಕಾಶವಿತ್ತು, 2024–25ರಲ್ಲಿ ನಾಲ್ಕು. ಅವಕಾಶ ಕಡಿಮೆಯಾದಾಗ ಬೆನ್ನೆಲುಬಿಗೆ ಇನ್ನೂ ಹೆಚ್ಚು ಮಹತ್ವ ಕೊಡಬೇಕಿತ್ತು. ನಾವು ಮಾಡಿದ್ದು ಒಂದು, ಒಂದು, ನಾಲ್ಕು.

ಕೌಲ್‌ಬಜಾರ್_11 (ಬಳ್ಳಾರಿ)

ಒಂದು, ಒಂದು, ನಾಲ್ಕು. ನಾನು ಇಡೀ ಪುಟ ಬರೆದಿದ್ದನ್ನ ಸರ್ ಮೂರು ಪದದಲ್ಲಿ ಹೇಳಿದ್ರು.

ಸಾಲ್ಟ್ ಲೇಕ್ ಫೈನಲ್ ಬೇಡ ಅಂದಿದ್ದೆ, ಆದ್ರೂ ಒಂದು ತುಂಡು ಇಲ್ಲಿಗೆ ಬೇಕು. 49ನೇ ನಿಮಿಷ, ಬಗಾನ್‌ನ ಆಲ್ಬರ್ಟೊ ರೊಡ್ರಿಗೆಸ್ ಸ್ವಂತ ಗೋಲು, ನಮಗೆ 1–0. 72ಕ್ಕೆ ನಮ್ಮ ಚಿಂಗ್ಲೆನ್ಸನಾ ಕೈಗೆ ಚೆಂಡು ತಾಗಿ ಪೆನಾಲ್ಟಿ, ಕಮಿಂಗ್ಸ್ ಹೊಡೆದು 1–1. ನಡುವೆ 23 ನಿಮಿಷ. 96ಕ್ಕೆ ಮೆಕ್ಲಾರೆನ್ ಹೊಡೆದು ಬಗಾನ್‌ಗೆ 2–1. ಮುಂದಿದ್ದ ಆ 23 ನಿಮಿಷದಲ್ಲಿ ಚೆಂಡನ್ನ ಎದುರಾಳಿ ಅರ್ಧದಲ್ಲಿ ಹಿಡಿದು ನಿಲ್ಲಿಸೋನು ಬೇಕಿತ್ತು. ಒತ್ತಡದಲ್ಲಿ ಡಿಫೆನ್ಸ್ ಉದ್ದಕ್ಕೆ ಒದ್ದ ಚೆಂಡನ್ನ ಎದೆ ಮೇಲೆ ತಗೊಂಡು, ಬೆನ್ನ ಮೇಲೆ ಡಿಫೆಂಡರ್‌ನ ಹೊತ್ತು, ಫೌಲ್ ಗಳಿಸಿ, ಹಿಂದಿನೋರಿಗೆ ಹತ್ತು ಸೆಕೆಂಡ್ ಉಸಿರು ಕೊಡೋ ಆಳು. ಮಿಕು ಆ ಕೆಲಸಕ್ಕೇ ಹೇಳಿ ಮಾಡಿಸಿದಂಗಿದ್ದ. ಅವನು ಹೋದ್ಮೇಲೆ ಆ ಜಾಗ ಸರಿಯಾಗಿ ತುಂಬಲೇ ಇಲ್ಲ.

ಲೆಫ್ಟ್‌ಬ್ಯಾಕ್_3 (ಕೊಪ್ಪಳ)

ಟರ್ಫ್ ಸರ್, ಹುಡುಗರ ವಿಷಯ ನೀವ ಹೇಳ್ರಿ. ಬಿಎಫ್‌ಸಿ ವಸತಿ ಅಕಾಡೆಮಿ ನಡದದ್ದು ನಿಮ್ಮ ವಿಜಯನಗರದ ಐಐಎಸ್ (ಇನ್‌ಸ್ಪೈರ್ ಕ್ರೀಡಾ ಸಂಸ್ಥೆ) ಆವರಣದಾಗ. ಕಲ್ಯಾಣ ಕರ್ನಾಟಕದ ಹುಡುಗರು ಅಲ್ಲಿಂದ ಮ್ಯಾಲ ಯಾಕ ಕಾಣಂಗಿಲ್ಲ?

ತೋರಣಗಲ್ಲು_ಟರ್ಫ್ (ಸಂಡೂರು ತಾಲ್ಲೂಕು)

ಎರಡು ಮೆಟ್ಟಿಲು ಬೇರೆಬೇರೆ ನೋಡಬೇಕು ತಮ್ಮ.

ಮೊದಲನೇ ಮೆಟ್ಟಿಲು ನಮ್ಮದು, ಜಿಲ್ಲೆಗಳದು. ನಮ್ಮಲ್ಲಿ ಹುಡುಗರು 14ರವರೆಗೆ ಆಡುವುದು ಮೊರಂ (ಗರಸು ಮಣ್ಣಿನ) ನೆಲದಲ್ಲಿ. ಚೆಂಡು ಮೊಣಕಾಲಿನೆತ್ತರ ಪುಟಿಯುತ್ತದೆ. ಹುಡುಗ ಅದನ್ನು ಮೊದಲು ಅಂಗಾಲಿನಿಂದ ತುಳಿದು ನಿಲ್ಲಿಸಲು ಕಲಿಯುತ್ತಾನೆ, ಆಮೇಲೆ ತಲೆ ಎತ್ತುತ್ತಾನೆ. ಹುಲ್ಲಿನ ಮೇಲೆ ಆಯ್ಕೆಗೆ ಬಂದಾಗ ಅದೇ ಅಭ್ಯಾಸ ಮುಳುವಾಗುತ್ತದೆ. ಆಯ್ಕೆ ಮಾಡುವವರು ನೋಡುವುದು ಚೆಂಡು ಬರುವ ಮೊದಲು ಹುಡುಗ ಎಷ್ಟು ಸಲ ಭುಜದ ಮೇಲಿಂದ ಹಿಂದೆ ನೋಡಿದ ಎಂಬುದನ್ನು. ಮೈ ಅರ್ಧ ತಿರುಗಿಸಿ, ದೂರದ ಕಾಲಿನಲ್ಲಿ ಚೆಂಡು ತೆಗೆದುಕೊಂಡ ಹುಡುಗನಿಗೆ ಒಂದೇ ಟಚ್‌ನಲ್ಲಿ ಮುಂದಿನ ದಾರಿ ತೆರೆಯುತ್ತದೆ. ಹತ್ತಿರದ ಕಾಲಿನಲ್ಲಿ ನಿಲ್ಲಿಸಿದವನಿಗೆ ಹಿಂದಕ್ಕೆ ಕೊಡುವುದೊಂದೇ ಗತಿ.

ಇದಕ್ಕೆ ಟರ್ಫ್ ಬೇಕೇಬೇಕೆಂದಿಲ್ಲ. 8 ಮೀಟರ್ ಚೌಕ, ನಾಲ್ಕು ಮೂಲೆಗೆ ನಾಲ್ವರು, ನಡುವೆ ಒಬ್ಬ. ಮೂಲೆಯವನು ಪಾಸ್ ಕೊಡುವ ಹೊತ್ತಿಗೆ ನಡುವಿನವನ ಹಿಂದೆ ನಿಂತವನು ಬೆರಳೆತ್ತುತ್ತಾನೆ. ಎಷ್ಟು ಬೆರಳು ಎಂದು ಹೇಳಿದ ಮೇಲೇ ಚೆಂಡು ಮುಟ್ಟಬೇಕು. 45 ಸೆಕೆಂಡು, ಆಮೇಲೆ ಬದಲಾವಣೆ. ಚೆಂಡಿನ ಗಾಳಿ ಸ್ವಲ್ಪ ಇಳಿಸಿದರೆ ಮೊರಂ ಮೇಲೂ ಪುಟಿತ ತಗ್ಗುತ್ತದೆ. ಏಪ್ರಿಲ್, ಮೇ ಬಿಸಿಲಲ್ಲಿ ಬೆಳಿಗ್ಗೆ ಎಂಟರೊಳಗೆ ಮುಗಿಸಿ.

ಎರಡನೇ ಮೆಟ್ಟಿಲು ಕ್ಲಬ್ಬಿನದು. ಬಿಎಫ್‌ಸಿ ಕಿರಿಯರು ಡೆವಲಪ್‌ಮೆಂಟ್ ಲೀಗ್ ಅನ್ನು 2022, 2023 ಎರಡೂ ವರ್ಷ ಗೆದ್ದರು. ಶಿವಶಕ್ತಿ, ನಾಮ್‌ಗ್ಯಾಲ್ ಭುಟಿಯಾ ಮೇಲೆ ಬಂದರು. ಆದರೆ ಕಿರಿಯರ ಲೀಗ್‌ಗೂ ಐಎಸ್‌ಎಲ್‌ಗೂ ನಡುವಿನ ಅಂತರ ದೊಡ್ಡದು. ಅಲ್ಲಿ 19ರವನ ಮೈಗೆ ತಾಗುವುದು 19ರವನ ಮೈ. ಇಲ್ಲಿ 30ರ ಸೆಂಟರ್ ಬ್ಯಾಕ್. ಆ ನಡುವಿಗೆ ಎರಡನೇ ದರ್ಜೆಯ ಲೀಗ್‌ಗೆ ಸಾಲವಾಗಿ ಕಳಿಸಿ 15 ಪಂದ್ಯ ಆಡಿಸಬೇಕು. ಫೀಫಾ ನಿಯಮದ ಪ್ರಕಾರ ಸಾಲದ ಒಪ್ಪಂದ ಕನಿಷ್ಠ ಒಂದು ವರ್ಗಾವಣೆ ಅವಧಿಯಿಂದ ಇನ್ನೊಂದಕ್ಕೆ, ಗರಿಷ್ಠ ಒಂದು ವರ್ಷ. ಆಗಸ್ಟ್‌ನಲ್ಲಿ ಕಳಿಸಿದವನು ಜನವರಿಗೆ ಮೊದಲು ಬರುವುದಿಲ್ಲ. ಆದ್ದರಿಂದ ಯಾರನ್ನು ಕಳಿಸಬೇಕು, ಯಾರನ್ನು ಇಲ್ಲೇ ಬೆಂಚ್‌ಗೆ ಇಟ್ಟುಕೊಳ್ಳಬೇಕು ಎಂಬುದು ಋತುವಿಗೆ ಮುಂಚಿನ ತಯಾರಿಯಲ್ಲೇ ತೀರ್ಮಾನವಾಗಬೇಕು. ಎಲ್ಲರನ್ನೂ ಇಲ್ಲೇ ಇಟ್ಟುಕೊಂಡು ಯಾರನ್ನೂ ಆಡಿಸದಿದ್ದರೆ 20, 21, 22 ಮೂರು ವರ್ಷ ಹಾಳು. ಮುಂದಾಟಗಾರನ ಕಾಲಿಗೆ ಗೋಲಿನ ರೂಢಿ ಬೀಳುವ ವಯಸ್ಸೇ ಅದು.

ಕೌಲ್‌ಬಜಾರ್_11 (ಬಳ್ಳಾರಿ)

ಹಂಗಾದ್ರೆ 2025–26ರ ಋತುವಿಗೆ ಆರು ವಿದೇಶಿ ಸೀಟು ನೀವು ಹೆಂಗೆ ಹಂಚ್ತೀರಿ? ನಂದು: ಸೆಂಟರ್ ಬ್ಯಾಕ್ 1, ಡಿಫೆನ್ಸಿವ್ ಮಿಡ್‌ಫೀಲ್ಡ್ 2, ಸೃಜನಶೀಲ ಮಿಡ್‌ಫೀಲ್ಡ್ 1, ವಿಂಗ್ 1 (ಎಡಗಾಲಿನೋನೇ ಆಗಬೇಕು, ಕೊಪ್ಪಳದೋರಿಗೋಸ್ಕರ), ಚೆಂಡು ಹಿಡಿದು ನಿಲ್ಲೋ 9 ಒಬ್ಬ.

ಎಡೆದೊರೆ_ಲೆಕ್ಕಿಗ (ರಾಯಚೂರು)

9 ವಿದೇಶಿ ತಂದ್ರ ಶಿವಶಕ್ತಿ ಮತ್ತ ಬೆಂಚ್ ಮ್ಯಾಲೇ ಆಗ್ತಾನಲ್ಲ ಅಣ್ಣ? ನಿಮ್ಮ ಮೊದಲ ಮಾತಿಗೆ ನೀವೇ ಅಡ್ಡ ಹೋದಂಗ ಆತು.

ಕೌಲ್‌ಬಜಾರ್_11 (ಬಳ್ಳಾರಿ)

ಸರಿಯಾಗಿ ಹಿಡಿದ್ರಿ. ಹಂಗಾದ್ರೆ ಆ ಸೀಟು ಸೆಂಟರ್ ಬ್ಯಾಕ್‌ಗೆ ಕೊಟ್ಟು ಹಿಂದೆ ಎರಡು ಮಾಡ್ತೀನಿ. 9ಕ್ಕೆ ಛೆಟ್ರಿ, ಶಿವಶಕ್ತಿ ಇಬ್ಬರೇ. ಮೊದಲ ಎಂಟು ಪಂದ್ಯದಲ್ಲಿ ನಾಲ್ಕು ನಾಲ್ಕು.

ತೋರಣಗಲ್ಲು_ಟರ್ಫ್ (ಸಂಡೂರು ತಾಲ್ಲೂಕು)

ಇದು ನಡೆಯುತ್ತದೆ, ಒಂದು ಬದಲಾವಣೆಯೊಡನೆ. ಶಿವಶಕ್ತಿ ಒಂಟಿ 9 ಅಲ್ಲ. 2022–23ರಲ್ಲಿ ಅವನು ಚೆನ್ನಾಗಿ ಆಡಿದ್ದು ಪಕ್ಕದಲ್ಲಿ ರಾಯ್ ಕೃಷ್ಣ ಇದ್ದಾಗ. ಕೃಷ್ಣ ಡಿಫೆಂಡರ್‌ಗಳನ್ನು ತನ್ನ ಮೇಲೆ ಎಳೆದುಕೊಳ್ಳುತ್ತಿದ್ದರು, ಇವನು ಖಾಲಿಯಾದ ಜಾಗಕ್ಕೆ ಓಡುತ್ತಿದ್ದ. ಅವನು ಆಡುವ ನಾಲ್ಕು ಪಂದ್ಯದಲ್ಲಿ 4-3-3 ಬಿಟ್ಟು 4-4-2ಕ್ಕೆ ಬರಬೇಕು. ಪಕ್ಕದಲ್ಲಿ ವಿಲಿಯಮ್ಸ್ ಇರಲಿ, ಎರಡು ಕಡೆಗೂ ಎಳೆದಾಡುವ ಓಟ ಅವನಿಗಿದೆ. ಹಾಗೆ ಮಾಡಿದಾಗ ನಡುವೆ ಇಬ್ಬರೇ ಉಳಿಯುತ್ತಾರೆ, ನಿಮ್ಮ ಎರಡನೇ ಡಿಫೆನ್ಸಿವ್ ಮಿಡ್‌ಫೀಲ್ಡರ್ ಕೆಲಸಕ್ಕೆ ಬರುವುದು ಅಲ್ಲೇ. ಕಾಪೊ ಒಬ್ಬನೇ ಆ ಬಯಲು ಕಾಯಬೇಕಿಲ್ಲ.

ಲೆಫ್ಟ್‌ಬ್ಯಾಕ್_3 (ಕೊಪ್ಪಳ)

4-4-2 ಆದ್ರ ಎಡ ವಿಂಗಿನಾಂವ ಕೆಳಗ ಬಂದು ರೋಷನ್‌ಗೆ ಆಸರ ಆಗಬೇಕು, ಪಂದ್ಯಕ್ಕ 11 ಕಿಲೋಮೀಟರ್ ಓಡೂ ಕಾಲು ಇರೂ ಆಳ ಬೇಕು. ವಿದೇಶಿ ಹುಡುಕೂ ಮೊದಲ ವಿನಿತ್‌ನ ಅಲ್ಲಿ ಆರು ಪಂದ್ಯ ನೋಡ್ರಿ. ಆ ಸೀಟು ಉಳೀತಂದ್ರ ಜನವರಿ ತನಕ ಖಾಲಿ ಇಡ್ರಿ, ಯಾರಿಗರ ಮೊಣಕಾಲು ಕೆಟ್ರ ಆಗ ತುಂಬಿಸಾಕ ಬರತೈತಿ.